ನಾನು ಬರೆದ ಹದಿನೇಳು ಖರೀದಿಪತ್ರಗಳು

ಹೊಸದಾಗಿ ಬಾಂಡ್ ರೈಟರ್ ಕೆಲಸಕ್ಕೆ ಬರುವವರು ನನ್ನ ಹತ್ತಿರ ಕೇಳುವುದು ಒಂದೇ ಮಾತು. "ಕಾಕಾ, ಪಾರ್ಟಿಗೆ ಖರ್ಚ ಉಳಿಸಿಕೊಡೋ ಹಿಕಮತ್ತು ನಿಮ್ಮಷ್ಟ ಯಾರಿಗೂ ಗೊತ್ತಿಲ್ಲಂತ. ನಮಗೂ ಹೇಳಿಕೊಡ್ರಿ." ಗೊತ್ತಿದ್ದದ್ದು ನಿಜ. ಮೂವತ್ತೆಂಟು ವರ್ಷ ಸುರಪುರ, ಶಹಾಪುರ, ಯಾದಗಿರಿಗಳಲ್ಲಿ ಹೊಲ, ಪ್ಲಾಟು, ಮನೆಗಳ ಖರೀದಿಪತ್ರ ಬರೆದವನು ನಾನು. ದೊಡ್ಡ ಸಾಹುಕಾರರು ನನ್ನ ಹತ್ತಿರ ಬರುತ್ತಿರಲಿಲ್ಲ, ಅವರಿಗೆ ವಕೀಲರಿದ್ದರು. ಬರುತ್ತಿದ್ದವರು ಮಾಸ್ತರರು, ಗುಮಾಸ್ತರು, ನರ್ಸಮ್ಮಗಳು. ಸಂಬಳದಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಒಂದು ಪ್ಲಾಟು, ಎರಡು ಬಾಡಿಗೆ ಖೋಲಿ ಮಾಡಿಕೊಳ್ಳಬೇಕೆನ್ನುವವರು. ಅಂಥವರಿಗೆ ನೂರು ಉಳಿದರೂ ದೊಡ್ಡದು. ಆ ಉಳಿಸುವ ವಿದ್ಯೆ ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಮಾತ್ರ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಕೆಲಸ ಕಲಿತದ್ದು ಸುರಪುರದಲ್ಲಿ, ಅಮೀನಸಾಬರ ಕೈಕೆಳಗೆ. ನಿಜಾಮರ ಕಾಲದ ಉರ್ದು ದಸ್ತಾವೇಜುಗಳನ್ನು ನೀರು ಕುಡಿದಂತೆ ಓದುತ್ತಿದ್ದರು. ಜಾಗ ನೋಡದೆ ಒಂದಕ್ಷರ ಬರೆಯುತ್ತಿರಲಿಲ್ಲ. ಸೈಕಲ್ ಏರಿ ಹೋಗಿ, ನಾಲ್ಕೂ ದಿಕ್ಕಿಗೆ ನಿಂತು, ಅಕ್ಕಪಕ್ಕದವರನ್ನು ಕರೆದು, ಇದು ಯಾರ ಗೋಡೆ, ಈ ಬಚ್ಚಲ ನೀರು ಯಾವ ಕಡೆ ಹರಿಯುತ್ತದೆ ಎಂದೆಲ್ಲ ಕೇಳಿ ಬರುತ್ತಿದ್ದರು. ಒಂದು ಪತ್ರಕ್ಕೆ ಅರ್ಧ ದಿನ. ಈ ಮುದುಕ ಸುಮ್ಮನೆ ಹೊತ್ತು ಕಳೆಯುತ್ತಾನೆ ಎಂದು ನನಗೆ ಸಿಟ್ಟು.

ಒಮ್ಮೆ ಅವರಿಗೆ ಜ್ವರ ಬಂದಾಗ ನಾನೊಬ್ಬನೇ ಕೂತಿದ್ದೆ. ಬಳೆ ಮಾರುವ ಚಂದಮ್ಮ ಎಂಬವಳು ಗುಡ್ಡದ ಇಳಿಜಾರಿನಲ್ಲಿ ಒಂದು ಸಣ್ಣ ಜಾಗ ಕೊಂಡಿದ್ದಳು. ಹಳೆಯ ಪತ್ರ ನೋಡಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ನಕಲು ಮಾಡಿ ಒಂದು ತಾಸಿನಲ್ಲಿ ಮುಗಿಸಿದೆ. ಪೂರ್ವಕ್ಕೆ ಓಣಿ ಎಂದು ಬರೆಯಬೇಕಾದಲ್ಲಿ ಪಶ್ಚಿಮಕ್ಕೆ ಓಣಿ ಎಂದು ಬರೆದಿದ್ದೆ. ಅವಳ ಜಾಗ ಕಾಗದದಲ್ಲಿ ಓಣಿ ದಾಟಿ ಆಚೆ ಬದಿಗೆ ಹೋಗಿತ್ತು. ಗೌಂಡಿ ಆ ಪತ್ರ ನೋಡಿಯೇ ಬುನಾದಿ ಹಾಕಿದ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ನಿಜವಾದ ಮಾಲೀಕ ಊರಿಂದ ಬಂದು ಕೆಲಸ ನಿಲ್ಲಿಸಿದ.

ಅಮೀನಸಾಬರು ನನ್ನನ್ನು ಬೈಯಲಿಲ್ಲ. ಅಲ್ಲಿಗೆ ಕರೆದುಕೊಂಡು ಹೋಗಿ, "ನೀ ಬರ್ದೀದಿ. ನೀನ ಹೇಳು" ಎಂದರು. ನಾನು ತಡವರಿಸುತ್ತ ಹೇಳಿದೆ. ಚಂದಮ್ಮ ಅರ್ಧ ಗೋಡೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಆಮೇಲೆ ಅಂದಳು:

"ನನಗ ಓದಾಕ ಬರಂಗಿಲ್ಲಂತ ನಿಮ್ಮ ಕಡಿ ಬಂದಿದ್ದೆಪ್ಪ. ನಿಮಗೂ ಬರಂಗಿಲ್ಲೇನು?"

ಪುಣ್ಯಕ್ಕೆ ಆಚೆಯವನು ಒಳ್ಳೆಯವನು. ಜಾಗ ಅದಲುಬದಲು ಮಾಡಿಕೊಳ್ಳಲು ಒಪ್ಪಿದ. ಅದರ ಪತ್ರದ ಖರ್ಚು ನನ್ನ ತಲೆಗೆ ಬಂತು.

ಉಸ್ತಾದರು ತೀರಿಕೊಂಡ ಮೇಲೆ ಶಹಾಪುರಕ್ಕೆ ಬಂದು ಸ್ವಂತ ಟೈಪ್‌ರೈಟರ್ ಇಟ್ಟೆ. ಆಗಿನಿಂದ ನನಗೆ 'ಖರ್ಚು ಉಳಿಸುವ ಸಾಬಣ್ಣ' ಎಂಬ ಹೆಸರು. ವಿದ್ಯೆ ದೊಡ್ಡದೇನಲ್ಲ. ಸರಕಾರ ಪ್ರತಿ ಊರಿನ ಜಾಗಕ್ಕೆ ಒಂದು ಕನಿಷ್ಠ ದರ ಗೊತ್ತುಮಾಡಿರುತ್ತದೆ. ಅದಕ್ಕಿಂತ ಕಡಿಮೆ ಬರೆಯುವಂತಿಲ್ಲ. ಹೆಚ್ಚಿಗೆ ಕೊಟ್ಟಿದ್ದರೆ ಕೊಟ್ಟಷ್ಟನ್ನು ಬರೆಯಬೇಕು. ನಾವು ಬರೆಯುತ್ತಿರಲಿಲ್ಲ. ಕನಿಷ್ಠ ದರ ಕಾಗದಕ್ಕೆ, ಉಳಿದದ್ದು ಕೈಯಿಂದ ಕೈಗೆ. ಮುದ್ರಾಂಕ ಶುಲ್ಕ ಉಳಿಯಿತು, ಮಾರಿದವನಿಗೆ ತೆರಿಗೆ ಉಳಿಯಿತು, ಇಬ್ಬರೂ ನನಗೆ ಕೈಮುಗಿದು ಹೋದರು. ಎಲ್ಲರೂ ಹೀಗೇ ಮಾಡುತ್ತಿದ್ದರು ಎಂಬುದು ನೆವ. ನಾನು ಮಾಡಿದೆ ಎಂಬುದು ನಿಜ.

ಒಂದೇ ದಿನ ಇಬ್ಬರು ಅಕ್ಕಪಕ್ಕದ ಪ್ಲಾಟು ಕೊಂಡರು. ಒಬ್ಬ ಈರಪ್ಪ, ಖಾಸಗಿ ದವಾಖಾನೆಯ ಕಂಪೌಂಡರ್. ಇನ್ನೊಬ್ಬರು ಸುಜಾತಾಬಾಯಿ, ದೋರನಹಳ್ಳಿಯಲ್ಲಿ ಮುಖ್ಯೋಪಾಧ್ಯಾಯಿನಿ, ಬೌದ್ಧ ಮನೆತನದವರು. ಈರಪ್ಪನ ಪತ್ರವನ್ನು ನನ್ನ ವಿದ್ಯೆಯಂತೆ ಬರೆದೆ. ಸುಜಾತಾಬಾಯಿ ಒಪ್ಪಲಿಲ್ಲ.

"ಪೂರ್ತಿ ಬರೀರಿ."

"ಬಾಯಿ, ಸುಮ್ನ ಖರ್ಚ ಬೀಳ್ತದ್ರಿ."

"ಬೀಳ್ಲಿ. ನಾ ಕೊಟ್ಟ ರೊಕ್ಕ ಕೊಟ್ಟಿಲ್ಲಂತ ನಾನ ಯಾಕ ಸಹಿ ಮಾಡ್ಲಿ?"

ಹೊರಗೆ ಬಂದು ಈರಪ್ಪ ನನ್ನ ಕಿವಿಯಲ್ಲಿ, "ಓದಿದವ್ರಿಗೆ ವ್ಯವಹಾರ ತಿಳಿಯಂಗಿಲ್ಲ" ಎಂದ. ನಾನೂ ನಕ್ಕೆ. ಇಬ್ಬರೂ ಎರಡೆರಡು ಬಾಡಿಗೆ ಮನೆ ಕಟ್ಟಿಸಿದರು. ಆಯಮ್ಮ ಸಿಮೆಂಟು, ಕಬ್ಬಿಣ, ಬಾಗಿಲು, ಕೊನೆಗೆ ಕೀಲಿಯ ಬಿಲ್ಲನ್ನೂ ಒಂದು ಫೈಲಿಗೆ ಹೊಲಿದಿಟ್ಟರು. ಈರಪ್ಪ ಬಿಲ್ಲಿಲ್ಲದೆ ಕೊಂಡರೆ ಅಗ್ಗ ಎಂದು ಬಿಲ್ಲೇ ತೆಗೆದುಕೊಳ್ಳಲಿಲ್ಲ.

ಎಷ್ಟೋ ವರ್ಷಗಳ ನಂತರ ಇಬ್ಬರೂ ಮಾರಿದರು. ಅಷ್ಟೊತ್ತಿಗೆ ಕಾಲ ಬದಲಾಗಿತ್ತು. ಕೊಳ್ಳುವವರು ಬ್ಯಾಂಕಿನ ಸಾಲ ತೆಗೆದೇ ಕೊಳ್ಳುತ್ತಿದ್ದರು, ಬ್ಯಾಂಕಿಗೆ ಪತ್ರದಲ್ಲಿ ಪೂರ್ತಿ ಬೆಲೆಯೇ ಬೇಕು. ಈರಪ್ಪ ಕೊಂಡದ್ದು ಕಾಗದದಲ್ಲಿ ಪುಡಿಗಾಸಿಗೆ, ಕಟ್ಟಿಸಿದ ಖರ್ಚಿಗೆ ಕಾಗದವೇ ಇಲ್ಲ, ಮಾರಿದ್ದು ಪೂರ್ತಿ ಬೆಲೆಗೆ. ನಡುವಿನದೆಲ್ಲ ಲಾಭ ಎಂದಾಯಿತು. ತೆರಿಗೆ ಎಷ್ಟು ಎಂದು ಲೆಕ್ಕದವರು ಹೇಳಿದ ದಿನ ನನ್ನ ಬಾಗಿಲಲ್ಲಿ ಬಂದು ನಿಂತ. ಹತ್ತಿರದ ಸ್ಟೂಲು ಹಿಡಿದುಕೊಂಡ.

"ಸಾಬಣ್ಣ, ಆ ಬಾಯಿಗೆ ಇದರಾಗ ಒಂದ ಪಾವ ಹಿಸ್ಸಾನೂ ಬಿದ್ದಿಲ್ಲಲ್ಲೋ."

ಅಂದು ನಾನೂ ಬೆಚ್ಚಿದೆ. ಬಿಟ್ಟೆನೇ? ಬಿಡಲಿಲ್ಲ. ಬಿಲ್ಲು ಇಟ್ಟುಕೊಳ್ಳಿರಿ ಎಂದು ಪಾರ್ಟಿಗಳಿಗೆ ಹೇಳತೊಡಗಿದೆ, ಅಷ್ಟೇ. ಬೆಲೆಯ ವಿಷಯದಲ್ಲಿ ಕೈ ಹಳೆಯ ಚಾಳಿಯಲ್ಲೇ ಓಡಿತು.

ಯಾದಗಿರಿ ಜಿಲ್ಲೆಯಾದ ಮೇಲೆ ಅಲ್ಲಿಗೆ ಬಂದೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಹಿಂದೆ ದಿನಕ್ಕೆರಡು ಪತ್ರವಾದರೆ ಹೆಚ್ಚು. ಈಗ ಹಳೆಯ ಪತ್ರದಲ್ಲಿ ಹೆಸರು, ಸರ್ವೆ ನಂಬರು ಬದಲಿಸಿದರೆ ಹೊಸದು ಸಿದ್ಧ. ಜಾಗ ನೋಡಲು ಹೋಗುವುದು ನಿಂತೇಹೋಯಿತು. ಭೂಮಿಯ ಬೆಲೆ ಮಾತ್ರ ತಿಂಗಳಿಗೊಮ್ಮೆ ಏರುತ್ತಿತ್ತು.

ಆಗ ಪರಿಚಯವಾದವರು ಶಿವಶರಣಪ್ಪ ಮಾಸ್ತರರು. ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು, ಮುಂಜಾನೆ ಸಂಜೆ ಟ್ಯೂಷನ್. ರಾಮಸಮುದ್ರದ ಕಡೆ ಮುಂದೆ ಬೆಲೆ ಬರುತ್ತದೆಂದು ಮೊದಲು ಗುರುತಿಸಿದವರು ಅವರೇ. ತಾವು ಎರಡು ಎಕರೆ ಕೊಂಡು, ಜೊತೆಯ ಮಾಸ್ತರರನ್ನು, ಗುಮಾಸ್ತರನ್ನು, ಮಹಾದೇವಿ ಎಂಬ ನರ್ಸನ್ನು ಕರೆತಂದರು. "ಸಾಬಣ್ಣನ ಕಡಿ ಹೋದ್ರ ಖರ್ಚ ಕಡಿಮಿ, ತೆರಗಿ ಕಡಿಮಿ, ತೆಲಿಬ್ಯಾನಿ ಕಡಿಮಿ" ಎಂದು ಎಲ್ಲರಿಗೂ ಹೇಳುತ್ತಿದ್ದರು. ಎರಡು ಮೂರು ವರ್ಷದಲ್ಲಿ ಆ ಸೀಮೆಯ ಪತ್ರಗಳೆಲ್ಲ ಹೆಚ್ಚುಕಡಿಮೆ ನನ್ನ ಮೇಜಿನಿಂದಲೇ ಹೋದವು. ಕೈಯಿಂದ ಕೈಗೆ ಹೋದ ಬೆಲೆ ಕಾಗದದ ಬೆಲೆಗಿಂತ ನಾಲ್ಕೈದು ಪಟ್ಟು ಇರುತ್ತಿತ್ತು.

ಆಮೇಲೆ ಅಲ್ಲಿ ಒಂದು ಹೊಸ ರಸ್ತೆಗಾಗಿ ಭೂಮಿ ತೆಗೆದುಕೊಂಡರು.

ಒಂದು ಮಧ್ಯಾಹ್ನ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ನನ್ನ ಮುಂದೆ ಬಂದು ನಿಂತಳು. ಕೊರಳಲ್ಲಿ ದರ್ಜಿಯ ಅಳತೆಪಟ್ಟಿ ಹಾಗೇ ಇತ್ತು. ಹೊಲಿಗೆ ಬಿಟ್ಟು ಎದ್ದು ಬಂದಿದ್ದಳು.

"ಸಾಬಣ್ಣ ಅಂದ್ರ ನೀವೇನ್ರಿ?"

"ಹೌದವ್ವ. ಕೂಡು."

ಅವಳು ಕೂಡಲಿಲ್ಲ. "ನಾನು ರೇಣುಕಾ ಅಂತ್ರಿ. ಕುರಿ ಕಾಯೋ ಮಾಳಪ್ಪನ ಮಗಳು. ನಮ್ಮಪ್ಪಂದು ಮೂರ ಎಕರೆ ರಸ್ತಾಕ್ಕ ಹೋಗ್ಯಾದ. ದರ ಹ್ಯಾಂಗ ಹಾಕಿದ್ರಿ ಅಂತ ಕೇಳಿದ್ದಕ್ಕ ಈ ಪಟ್ಟಿ ಕೊಟ್ಟಾರ. ಸುತ್ತಮುತ್ತ ಆದ ಖರೀದಿಪತ್ರ ನೋಡಿ ಹಾಕ್ಯಾರಂತ. ಒಂದೊಂದ ಪತ್ರದ ನಕಲ ತಗಸಿ ನೋಡ್ದೆ." ಕಟ್ಟನ್ನು ನನ್ನ ಮುಂದೆ ಇಟ್ಟಳು. "ಹದಿನೇಳ ಅವ. ಹದಿನೇಳರ ಕೆಳಗೂ ನಿಮ್ಮ ಹೆಸರ ಅದ."

ನಾನು ಒಂದೊಂದೇ ಹಾಳೆ ತಿರುವಿದೆ. ಕೊನೆಯ ಸಾಲು ಎಲ್ಲದರಲ್ಲೂ ಒಂದೇ. ಪತ್ರ ಬರೆದವರು, ಸಾಬಣ್ಣ. ಮೇಲೆ, 'ಪೂರ್ತಿ ಬೆಲೆ ಮುಟ್ಟಿದೆ, ಬಾಕಿ ಏನೂ ಉಳಿದಿಲ್ಲ' ಎಂಬ ನನ್ನದೇ ವಾಕ್ಯ. ನೀರಿನ ಚೊಂಬಿಗೆ ಕೈ ಚಾಚಿದವನು ಅದನ್ನು ಉರುಳಿಸಿದೆ.

"ಮೂರ ಎಕರೆಕ್ಕ ಕೊಟ್ಟ ರೊಕ್ಕದಾಗ ಬಾಜೂ ಊರಾಗ ಒಂದ ಎಕರೆ ಬರವಲ್ದ್ರಿ. ಅಲ್ಲಿ ಎಲ್ಲಾರೂ ಖರೇ ಬೆಲಿ ಕೇಳ್ತಾರ. ಇಲ್ಲಿ ಮಾತ್ರ ನಮ್ಮ ಹೊಲ ಇಷ್ಟ ಅಗ್ಗ ಹ್ಯಾಂಗಾತ್ರಿ?"

ಮಾಳಪ್ಪನನ್ನು ನಾನು ಕಂಡವನೇ ಅಲ್ಲ. ಅವನು ಯಾವತ್ತೂ ಏನೂ ಕೊಂಡವನಲ್ಲ, ಮಾರಿದವನಲ್ಲ. ಒಂದು ರೂಪಾಯಿ ತೆರಿಗೆ ತಪ್ಪಿಸಿದವನಲ್ಲ. ಮಳೆಗಾಲದಲ್ಲಿ ತೊಗರಿ, ಬೇಸಿಗೆಯಲ್ಲಿ ಕುರಿ ನಿಲ್ಲಿಸಲು ಆ ಮೂರು ಎಕರೆ. ನಾನು ಮಾಸ್ತರರ, ಗುಮಾಸ್ತರ ಖರ್ಚು ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಬರೆಬರೆಯುತ್ತ ಇಡೀ ಸೀಮೆಯ ಭೂಮಿಗೆ ಬೆಲೆ ಕಟ್ಟುತ್ತಿದ್ದೆ. ಪರಿಹಾರಕ್ಕೆ ಆಮೇಲೆ ಏನೇ ಕೂಡಿಸಿದರೂ ಬುಡದ ಆ ದರದ ಮೇಲೆಯೇ. ಬುಡವೇ ನನ್ನ ಸುಳ್ಳು.

ಅದೇ ವಾರ ಶಿವಶರಣಪ್ಪ ಮಾಸ್ತರರೂ ಬಂದರು. ಅವರ ಎರಡು ಎಕರೆಯೂ ಹೋಗಿತ್ತು.

"ನಾ ಕೊಟ್ಟದ್ದರಾಗ ಅರ್ಧಾನೂ ತಿರುಗಿ ಬರಲಿಲ್ಲ ಸಾಬಣ್ಣ."

"ಕಾಗದದಾಗ ಇದ್ದದ್ದಕ್ಕಿಂತ ಹೆಚ್ಚೇ ಬಂದದಲ್ರಿ ಸರ್" ಎಂದೆ.

ರೇಣುಕಾ ಸುಮ್ಮನಾಗುವ ಹೆಣ್ಣಲ್ಲ. ದರ ಹೆಚ್ಚಿಸಬೇಕೆಂದು ಅರ್ಜಿ ಹಾಕಿದಳು. ಅವಳ ವಕೀಲರು, ನಿಜವಾದ ಬೆಲೆ ಬೇರೆ ಇತ್ತು ಎಂದು ತೋರಿಸುವ ಸಾಕ್ಷಿ ಬೇಕು ಎಂದರಂತೆ. ಮತ್ತೆ ನನ್ನ ಬಳಿ ಬಂದಳು. "ನೀವ ಬರ್ರಿ. ಖರೇ ಇದ್ದದ್ದ ಹೇಳ್ರಿ. ಹೆಚ್ಚೇನೂ ಬ್ಯಾಡ."

ಕಾಗದದ ಸಾಕ್ಷಿ ಎಲ್ಲಿದೆ ಎಂಬುದೂ ನನಗೆ ಗೊತ್ತಿತ್ತು. ಖರೀದಿಗೆ ಮೊದಲು ಮುಂಗಡ ಕೊಡುವಾಗ ಒಂದು ಕರಾರುಪತ್ರವಾಗುತ್ತದೆ. ಅದರಲ್ಲಿ ನಿಜವಾದ ಬೆಲೆಯೇ ಇರುತ್ತದೆ, ಇಲ್ಲದಿದ್ದರೆ ಇಬ್ಬರೂ ನಂಬುವುದಿಲ್ಲ. ನೋಂದಣಿ ಮುಗಿದೊಡನೆ ಅದನ್ನು ನನ್ನ ಕೈಯಾರೆ ಹರಿದುಹಾಕುತ್ತಿದ್ದೆ. ಮಾಸ್ತರರು ತಮ್ಮದನ್ನು ಮಾತ್ರ ಹರಿಯಲು ಕೊಟ್ಟಿರಲಿಲ್ಲ. ಎಚ್ಚರದ ಮನುಷ್ಯ.

ಅವರ ಮನೆಗೆ ಹೋಗಿ ಕೇಳಿದೆ. ಮಾಸ್ತರರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಅದನ್ನ ತೋರ್ಸಿದ್ರ ಆ ರೊಕ್ಕ ಎಲ್ಲಿಂದ ಬಂತು ಅಂತ ಕೇಳ್ತಾರ. ಟ್ಯೂಷನ್ ರೊಕ್ಕ ನಾ ಎಂದೂ ತೋರ್ಸಿಲ್ಲ. ದಂಡ ಬೀಳ್ತದ. ನಿನಗ ಲೈಸನ್ಸ್ ಹೋಗ್ತದ. ಎಲ್ಲಾರ ಮನಿಗೂ ನೋಟೀಸ್ ಬರ್ತಾವ. ಒಬ್ಬ ಕುರಿಯವನ ಸಲುವಾಗಿ ಹದಿನೇಳ ಮನಿ ಕೆಡಸ್ತೇನು?"

"ಒಬ್ಬನೇ ಅಲ್ಲಲ್ರಿ ಸರ್. ಹೊಲ ಹೋದವ್ರು ನಲವತ್ತ ಮಂದಿ ಅದಾರ."

"ನನ್ನ ಕಡಿ ಯಾವ ಕಾಗದನೂ ಇಲ್ಲ" ಎಂದರು. ಚಹಾ ತರಿಸಲಿಲ್ಲ.

ಸಾಕ್ಷಿ ಹೇಳಲು ಹೋಗಲೋ ಬೇಡವೋ ಎಂದು ಎಂಟು ದಿನ ಒದ್ದಾಡಿದೆ. ಧೈರ್ಯದಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಹೋಗದಿದ್ದರೆ ಆ ಹುಡುಗಿ ಮೂರನೆಯ ಸಲ ಬಂದು ನಿಲ್ಲುತ್ತಾಳೆ, ಅದನ್ನು ತಡೆಯಲಾರೆ ಎನಿಸಿತು. ಹೋದೆ.

ವಿಚಾರಣೆಯ ಕೋಣೆಯಲ್ಲಿ ಹೊಲ ಕಳೆದುಕೊಂಡವರು ಗೋಡೆಗಾನಿ ನಿಂತಿದ್ದರು. ಹಿಂದಿನ ಬೆಂಚಿನಲ್ಲಿ ಶಿವಶರಣಪ್ಪ ಮಾಸ್ತರರೂ ಇದ್ದರು, ಅವರ ಅರ್ಜಿಯೂ ಅಂದೇ ಇತ್ತು. ನಾನು ಗೊತ್ತಿದ್ದದ್ದನ್ನು ಹೇಳಿದೆ. ಆಮೇಲೆ ಎದುರು ಪಕ್ಷದ ವಕೀಲರು ಎದ್ದರು.

"ಈ ಹದಿನೇಳು ಪತ್ರಗಳಲ್ಲಿ ಪೂರ್ತಿ ಬೆಲೆ ಇಷ್ಟೇ ಎಂದು ಬರೆದವರು ಯಾರು?"

"ನಾನ್ರಿ."

"ಈಗ ಅದು ಪೂರ್ತಿ ಬೆಲೆಯಲ್ಲ ಎನ್ನುತ್ತೀರಿ."

"ಹೌದ್ರಿ."

"ಅಂದರೆ ನೀವು ಸುಳ್ಳು ಹೇಳಿದ್ದು ಆಗಲೋ, ಈಗಲೋ?"

"ಆಗ್ರಿ" ಎಂದೆ.

"ಹದಿನೇಳು ಸಲ?"

"ಹದಿನೇಳು ಇಲ್ಲಿ ಅದಾವ್ರಿ. ಒಟ್ಟು ಎಷ್ಟು ಸಲ ಅಂತ ನನಗೂ ಲೆಕ್ಕ ಇಲ್ಲ."

ಆ ಮಾತನ್ನು ನಾನೇ ಆಡಿದೆನೇ ಎಂದು ನನಗೇ ನಂಬಿಕೆಯಾಗಲಿಲ್ಲ. ಅಧಿಕಾರಿಗಳು ಬರೆದುಕೊಂಡರು. ನೋಂದಣಿಯಾದ ಪತ್ರದ ಎದುರು ಬರಿ ಬಾಯಿಮಾತಿಗೆ ಎಷ್ಟು ತೂಕ ಕೊಡಬಹುದೋ ನೋಡಬೇಕು ಎಂದಷ್ಟೇ ಹೇಳಿ ದಿನಾಂಕ ಮುಂದೆ ಹಾಕಿದರು. ತೂಕವಿಲ್ಲವೆಂದು ಎಲ್ಲರಿಗೂ ಅರ್ಥವಾಯಿತು. ಮಾಳಪ್ಪನನ್ನು ಅಂದೇ ಮೊದಲು ಕಂಡದ್ದು. ಹೆಗಲ ಕಂಬಳಿಯನ್ನು ಎದೆಗವಚಿಕೊಂಡು ನಿಂತಿದ್ದ. ಕೋಪ ಮಾಡಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಮುಂದಿನ ದಿನಾಂಕಕ್ಕೆ ಮಾಸ್ತರರು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಒಳಗೆ ಆ ಕರಾರುಪತ್ರ. ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ, "ದೊಡ್ಡ ಮನುಷ್ಯಾ ಆಗಾಕ ಬಂದಿಲ್ಲ. ನಂದೂ ಹೊಲ ಹೋಗ್ಯಾದ, ನನಗೂ ದರ ಬೇಕು" ಎಂದರು. ಮೆಟ್ಟಿಲು ಹತ್ತುತ್ತ, "ಅವತ್ತ ನೀ ಒಬ್ಬನ ನಿಂತಿದ್ದಿ. ನೋಡಾಕ ಆಗಲಿಲ್ಲ" ಎಂದರು. ಒಳಗೆ ಹೋಗಿ ಪತ್ರ ಕೊಟ್ಟು, ಇದು ನನ್ನ ಸಹಿ, ಇಷ್ಟು ನಾನು ಕೊಟ್ಟದ್ದು, ತೋರಿಸದ ರೊಕ್ಕದಲ್ಲಿ ಕೊಟ್ಟದ್ದು ಎಂದು ಒಂದೇ ಉಸಿರಿನಲ್ಲಿ ಹೇಳಿದರು.

ದರ ಏರಿತು. ನಿಜವಾದ ಬೆಲೆಯ ಮಟ್ಟಕ್ಕಲ್ಲ. ಮೂರು ಎಕರೆ ಕಳೆದುಕೊಂಡ ಮಾಳಪ್ಪನಿಗೆ ದೂರದಲ್ಲಿ ಎರಡು ಎಕರೆ ಕೊಳ್ಳುವಷ್ಟಾಯಿತು. ಮಾಸ್ತರರು ಹೆಚ್ಚಿಗೆ ಬಂದದ್ದನ್ನು ದಂಡಕ್ಕೇ ಕಟ್ಟಿದರು. ನನಗೂ ನೋಟೀಸು ಬಂತು, ಅದರ ವಿಚಾರಣೆಗೆ ಮೊದಲೇ ಲೈಸನ್ಸು ಮರಳಿಸಿದೆ. ನಿವೃತ್ತಿ ಎಂದು ಜನರಿಗೆ ಹೇಳಿದ್ದು ಇದನ್ನೇ.

ಉಳಿದ ಪಾರ್ಟಿಗಳಿಗೂ ಕಡಿಮೆ ಬಿದ್ದ ಶುಲ್ಕ ಕಟ್ಟುವಂತೆ ಕಾಗದಗಳು ಹೋದವು. ಎದುರಾದರೆ ರಸ್ತೆ ದಾಟಿ ಆಚೆ ನಡೆಯತೊಡಗಿದರು. ನರ್ಸ್ ಮಹಾದೇವಿ ಒಬ್ಬಳೇ ಮನೆಗೆ ಬಂದು ಮುಖಕ್ಕೆ ಹೇಳಿದಳು. "ಹಿಂಗ ಬರೀರಿ ಅಂತ ನಾ ಕೇಳಿರಲಿಲ್ಲ. ನೀವ ಹೇಳಿದ್ರಿ, ನಾ ಸಹಿ ಮಾಡ್ದೆ. ಖರೇ ಹೇಳಾಕ ಹೋಗೂ ಮುಂದಾದ್ರೂ ನನಗೊಂದ ಮಾತ ಕೇಳಬೇಕಿತ್ತು." ಅವಳ ಮಾತು ನ್ಯಾಯವೇ. ನಾನು ಆ ಹದಿನೇಳು ಮನೆಗಳಿಗೆ ಮೊದಲೇ ಹೋಗಿ ತಿಳಿಸಬೇಕಿತ್ತು. ಮಾಸ್ತರರೊಬ್ಬರ ಮನೆಗೆ ಹೋದೆ, ಅದೂ ಕಾಗದಕ್ಕಾಗಿ.

ಈಗ ಕೆಲಸಕ್ಕೆ ಬರುವವರಿಗೆ ಇಷ್ಟು ಹೇಳಬಲ್ಲೆ. ಸಣ್ಣ ಮನುಷ್ಯರ ಖರ್ಚು ಉಳಿಸಲೇಬೇಕು, ಅದಕ್ಕೆ ನೇರ ದಾರಿಗಳಿವೆ. ಮನೆ ತೆರಿಗೆಯನ್ನು ಲೆಕ್ಕದ ವರ್ಷದ ಮೊದಲ ತಿಂಗಳಾದ ಏಪ್ರಿಲ್‌ನಲ್ಲೇ ಕಟ್ಟಿದರೆ ರಿಯಾಯಿತಿ ಉಂಟು, ನೆನಪಿಸಿರಿ. ಕಟ್ಟಿಸಿದ ಬಿಲ್ಲು, ಗೋಡೆಗೆ ಗಿಲಾವು ಮಾಡಿಸಿದ ರಸೀದಿ ಇಟ್ಟುಕೊಂಡರೆ ಮಾರುವ ದಿನ ಅವೇ ಕಾಯುತ್ತವೆ. ಜಾಗದ ಮೇಲೆ ಹಿಂದಿನ ಸಾಲ, ತಕರಾರು ಇಲ್ಲವೆಂಬ ಪ್ರಮಾಣಪತ್ರ ತೆಗೆಸದೆ ಒಂದು ರೂಪಾಯಿ ಮುಂಗಡವನ್ನೂ ಕೊಡಿಸಬೇಡಿರಿ. ಹೋಗಿ ಜಾಗ ನೋಡಿರಿ. ಪೂರ್ತಿ ಬೆಲೆ ಬರೆಯಿರಿ. ಬರೆದ ಪತ್ರ ಎರಡು ಪಾರ್ಟಿಗಳ ನಡುವೆ ಉಳಿಯುವುದಿಲ್ಲ. ಗುರುತಿಲ್ಲದ ಮೂರನೆಯವನ ಹೊಲಕ್ಕೂ ಅದು ಹೋಗುತ್ತದೆ.

ಕಡೆಗೆ ಮಾಳಪ್ಪ ಅಬ್ಬೆತುಮಕೂರಿನ ಆಚೆ ಎರಡು ಎಕರೆ ಗೊತ್ತುಮಾಡಿದ. ಪತ್ರ ಮಾಡಿಸುವ ದಿನ ರೇಣುಕಾ ನನ್ನನ್ನೂ ಕರೆದಳು. ಯಾಕೆಂದು ಕೇಳುವ ಧೈರ್ಯವಾಗಲಿಲ್ಲ, ಹೋದೆ. ಬರೆಯುವವಳು ನನಗೆ ಗುರುತಿಲ್ಲದ ಹೊಸ ಹುಡುಗಿ, ಬೆರಳು ಬಲು ಚುರುಕು. ಹೆಸರು, ಸರ್ವೆ ನಂಬರು, ಚಕ್ಕುಬಂದಿ ಎಲ್ಲ ಹಾಕಿದಳು. ಬೆಲೆಯ ಜಾಗಕ್ಕೆ ಬಂದಾಗ ಕೈ ನಿಲ್ಲಿಸಿ, ಮಾಳಪ್ಪನನ್ನು ತೀರ ಸಹಜವಾಗಿ, ಹೆಸರು ಕೇಳಿದಷ್ಟೇ ಸಹಜವಾಗಿ ಕೇಳಿದಳು.

"ಕಾಗದದಾಗ ಎಷ್ಟ ಹಾಕ್ಲಿರಿ ಕಾಕಾ?"

ಮಾಳಪ್ಪನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳ ಮುಖ ನೋಡಿದ, ಮಗಳ ಮುಖ ನೋಡಿದ, ನನ್ನ ಮುಖವನ್ನೂ ನೋಡಿದ.

"ಎಷ್ಟ ಅಂದ್ರ? ಕೊಟ್ಟಿದ್ದ ಹಾಕವ್ವ. ಮತ್ತೇನ ಹಾಕ್ತೀ?"

ಮಾರುವವನು ತನಗೆ ತೆರಿಗೆಯ ತಂಟೆ ಬೇಡವೆಂದು ಗೊಣಗಿದ. ಹುಡುಗಿ ಕಡಿಮೆ ಹಾಕಿದರೆ ಶುಲ್ಕ ಎಷ್ಟು ಉಳಿಯುತ್ತದೆಂದು ಲೆಕ್ಕ ಮಾಡಿ ತೋರಿಸಿದಳು. ಮಾಳಪ್ಪ ಪೂರ್ತಿ ಕೇಳಿ, "ಹೌದವ್ವ, ತಿಳೀತು. ಕೊಟ್ಟಿದ್ದ ಹಾಕು" ಎಂದ. ಅವಳು ಹಾಕಿದಳು. ಅವನು ಹೆಬ್ಬೆಟ್ಟೊತ್ತಿದ.

ಪತ್ರದ ಪೂರ್ತಿ ಶುಲ್ಕ ಕಟ್ಟಲೆಂದು ಅವನು ಹಿಂದಿನ ಸಂತೆಯಲ್ಲೇ ನಾಲ್ಕು ಟಗರು ಮಾರಿ ಬಂದಿದ್ದ ಎಂದು ಹೊರಗೆ ಬಂದ ಮೇಲೆ ರೇಣುಕಾ ನನಗೆ ಹೇಳಿದಳು.